ಪ್ರವಾಸಿ ಬಂದ ಸರಿ, ದುಡ್ಡು ಎಲ್ಲಿ ಹೋಯ್ತು? ಪುಟ್ಟ ದ್ವೀಪ ದೇಶಗಳ ಲೆಕ್ಕ ಹಾಕುವವರ ಕೆಲಸ

ಮಾಲ್ಡೀವ್ಸ್‌ನ ಒಂದು ರೆಸಾರ್ಟ್‌ನಲ್ಲಿ ಬೆಳಗಿನ ತಿಂಡಿಗೆ ಆಮ್ಲೆಟ್ ಬರುತ್ತದೆ ಅಂದುಕೊಳ್ಳಿ. ಅದರ ಮೊಟ್ಟೆ ಭಾರತದ್ದಾಗಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಹೆಚ್ಚಿ ಹಾಕಿದ ಈರುಳ್ಳಿಯೂ ಅಷ್ಟೇ. ಆ ಅಡುಗೆಮನೆ ಕಟ್ಟಿದ ಮರಳು, ಜಲ್ಲಿ ಕೂಡ ಇಲ್ಲಿಂದಲೇ ಹಡಗು ಹತ್ತಿರಬಹುದು. ಭಾರತ ಮತ್ತು ಮಾಲ್ಡೀವ್ಸ್ 1981ರಲ್ಲಿ ಒಂದು ವ್ಯಾಪಾರ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಬೇಳೆಗೆ ಪ್ರತಿವರ್ಷ ಕೋಟಾ ನಿಗದಿಯಾಗುತ್ತದೆ. ನಮ್ಮಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದಾಗಲೂ ಅವರ ಪಾಲು ಹೋಗುತ್ತಲೇ ಇರುತ್ತದೆ. 2024–25ರಲ್ಲಿ ಮೊಟ್ಟೆಯ ಕೋಟಾ 42 ಕೋಟಿ ದಾಟಿತ್ತು. ನದಿ ಮರಳು ಮತ್ತು ಜಲ್ಲಿಯ ಕೋಟಾವನ್ನು 10 ಲಕ್ಷ ಟನ್‌ಗೆ ಏರಿಸಲಾಗಿತ್ತು.

ಈಗ ಆ ಆಮ್ಲೆಟ್‌ಗೆ ಪ್ರವಾಸಿ ಕೊಟ್ಟ ದುಡ್ಡನ್ನು ಹಿಂಬಾಲಿಸಿ ನೋಡಿ. ಒಂದಿಷ್ಟು ಮೊಟ್ಟೆ ಕಳಿಸಿದವನಿಗೆ ಹೋಯಿತು. ಒಂದಿಷ್ಟು ಹಡಗಿನವನಿಗೆ, ಒಂದಿಷ್ಟು ಒಲೆ ಉರಿಸಿದ ಇಂಧನಕ್ಕೆ. ಅದೂ ಆಮದು. ಅಡುಗೆಯವನು ಬಾಂಗ್ಲಾದೇಶದವನೋ ಶ್ರೀಲಂಕಾದವನೋ ಆಗಿದ್ದರೆ ಅವನ ಸಂಬಳದ ದೊಡ್ಡ ಪಾಲು ಅವನ ಊರಿಗೆ ಹೋಯಿತು. ಹೋಟೆಲಿನ ಹೆಸರು ವಿದೇಶಿ ಕಂಪನಿಯದ್ದಾದರೆ ಲಾಭದಲ್ಲಿ ಅದಕ್ಕೂ ಪಾಲು. ಪ್ರವಾಸಿ ತನ್ನ ದೇಶದಲ್ಲೇ ಪ್ಯಾಕೇಜ್ ಬುಕ್ ಮಾಡಿದ್ದರೆ ಏಜೆಂಟನ ಕಮಿಷನ್ ದ್ವೀಪದ ಮುಖವನ್ನೇ ನೋಡಲಿಲ್ಲ. ಕೊನೆಗೆ ದ್ವೀಪದಲ್ಲಿ ಉಳಿದದ್ದು ತೆರಿಗೆ, ನೆಲಬಾಡಿಗೆ, ಸ್ಥಳೀಯ ನೌಕರರ ಸಂಬಳ, ಮತ್ತೆ ಮೀನು. ಮಾಲ್ಡೀವ್ಸ್‌ನವರು ಟ್ಯೂನಾ ಮೀನನ್ನು ಮಾತ್ರ ಯಾರಿಂದಲೂ ತರಿಸಿಕೊಳ್ಳಬೇಕಿಲ್ಲ.

ಹೀಗೆ ಹೊರಗೆ ಹರಿದುಹೋಗುವ ಹಣಕ್ಕೆ ಅರ್ಥಶಾಸ್ತ್ರದವರು ಸೋರಿಕೆ ಎನ್ನುತ್ತಾರೆ. ಸಣ್ಣ ಆರ್ಥಿಕತೆಗಳಲ್ಲಿ ಪ್ರವಾಸೋದ್ಯಮದ ಒಟ್ಟು ಗಳಿಕೆಯ 40ರಿಂದ 50 ಪ್ರತಿಶತ ಬರೀ ಆಮದಿನ ದಾರಿಯಲ್ಲೇ ಸೋರಿಹೋಗುತ್ತದೆ ಎಂಬುದು ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್‌ನ ಹಳೆಯ ಅಂದಾಜು. ಎಲ್ಲವನ್ನೂ ತಾವೇ ಬೆಳೆಯುವ, ತಾವೇ ತಯಾರಿಸುವ ದೊಡ್ಡ ದೇಶಗಳಲ್ಲಿ ಅದು 10ರಿಂದ 20 ಪ್ರತಿಶತ. ಎಷ್ಟು ಜನ ಪ್ರವಾಸಿಗರು ಬಂದರು ಎಂಬ ಸಂಖ್ಯೆಯನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುತ್ತವೆ. ಎಷ್ಟು ಉಳಿಯಿತು ಎಂಬುದನ್ನು ಕೇಳುವವರು ಕಡಿಮೆ. ಅದನ್ನೇ ಜೀವನಪೂರ್ತಿ ಕೇಳುವ ಒಂದು ವೃತ್ತಿ ಇದೆ. ಪುಟ್ಟ ದ್ವೀಪ ದೇಶಗಳ ಪ್ರವಾಸೋದ್ಯಮ ಯೋಜನೆಯನ್ನು ಓದುವುದು, ಕಲಿಸುವುದು, ಅಳೆಯುವುದು. ಕೇಳಿದರೆ "ಆಹಾ, ಬೀಚಿನ ಕೆಲಸ" ಅನ್ನಿಸುತ್ತದೆ ಅಲ್ವಾ? ಹೆಚ್ಚಿನ ದಿನ ಅದು ಎಕ್ಸೆಲ್ ಹಾಳೆಯ ಕೆಲಸ.

ಮೊದಲು, ಪುಟ್ಟ ದ್ವೀಪಗಳಿಗೆ ಬೇರೆಯೇ ಶಾಸ್ತ್ರ ಯಾಕೆ ಬೇಕು ಅಂತ ನೋಡೋಣ. 1992ರ ರಿಯೊ ಭೂಶೃಂಗದಲ್ಲಿ ಈ ದೇಶಗಳಿಗೆ ಪ್ರತ್ಯೇಕ ಗುರುತು ಸಿಕ್ಕಿತು. ಈಗ ವಿಶ್ವಸಂಸ್ಥೆಯ ಪಟ್ಟಿಯಲ್ಲಿ 39 ದೇಶಗಳಿವೆ. ಕೆರಿಬಿಯನ್, ಪೆಸಿಫಿಕ್, ಹಿಂದೂ ಮಹಾಸಾಗರ ಎಲ್ಲ ಕಡೆಯವೂ ಸೇರಿವೆ. ತಮಾಷೆ ಏನೆಂದರೆ ಗಯಾನಾ, ಸುರಿನಾಮ್, ಬೆಲೀಜ್ ದ್ವೀಪಗಳೇ ಅಲ್ಲ, ಆದರೂ ಪಟ್ಟಿಯಲ್ಲಿವೆ. ಅವುಗಳ ಕಷ್ಟವೂ ಅದೇ ಬಗೆಯದು ಎಂಬ ಕಾರಣಕ್ಕೆ.

ಆ ಕಷ್ಟ ಏನು ಅನ್ನುವುದನ್ನು ಮಾಲ್ಟಾದ ಅರ್ಥಶಾಸ್ತ್ರಜ್ಞ ಲಿನೋ ಬ್ರಿಗೂಲಿಯೊ 1995ರಲ್ಲಿ ಒಂದು ಸೂಚ್ಯಂಕವಾಗಿ ಅಳೆದು ತೋರಿಸಿದರು. ಹೊರಗಿನ ವ್ಯಾಪಾರದ ಮೇಲೆ ಎಷ್ಟು ಅವಲಂಬನೆ, ಎಷ್ಟು ದೂರದಲ್ಲಿದೆ, ಪ್ರಕೃತಿ ವಿಕೋಪದ ಹೊಡೆತ ಎಷ್ಟು ಎಂಬುದನ್ನು ಕೂಡಿಸಿ ನೋಡಿದರು. ತಲಾ ಆದಾಯ ಚೆನ್ನಾಗಿದ್ದರೂ ಒಂದೇ ಏಟಿಗೆ ನೆಲಕಚ್ಚುವ ದೇಶಗಳು ಇವು ಎಂಬುದು ಅವರ ವಾದ. ಲೆಕ್ಕ ಸುಳ್ಳಾಗಲಿಲ್ಲ. 2004ರ ಸುನಾಮಿಯಲ್ಲಿ ಮಾಲ್ಡೀವ್ಸ್‌ಗೆ ಆದ ಹಾನಿ ಅದರ ಜಿಡಿಪಿಯ 62 ಪ್ರತಿಶತ. 2017ರಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್‌ನ ಡೊಮಿನಿಕಾಕ್ಕೆ ಮಾಡಿದ ಹಾನಿ ಜಿಡಿಪಿಯ 226 ಪ್ರತಿಶತ, ಅಂದರೆ ಎರಡು ವರ್ಷದ ದುಡಿಮೆಗಿಂತ ಜಾಸ್ತಿ. 2020ರಲ್ಲಿ ಕೋವಿಡ್‌ನಿಂದ ವಿಮಾನ ನಿಂತಾಗ ಮಾಲ್ಡೀವ್ಸ್ ಜಿಡಿಪಿಯ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿತು. ದೊಡ್ಡ ದೇಶದಲ್ಲಿ ಒಂದು ಜಿಲ್ಲೆ ಮುಳುಗಿದರೆ ಬೇರೆ ಜಿಲ್ಲೆಗಳು ಎತ್ತುತ್ತವೆ. ಇಲ್ಲಿ ಬೇರೆ ಜಿಲ್ಲೆಯೇ ಇಲ್ಲ.

ಇನ್ನು ಮಾಲ್ಡೀವ್ಸ್‌ಗೇ ಬರೋಣ. ಈ ವಿಷಯ ಕಲಿಸುವವರು ಅದನ್ನು ಬಿಟ್ಟು ಪಾಠ ಮುಗಿಸುವುದು ಕಷ್ಟ. ಸುಮಾರು 1,190 ದ್ವೀಪಗಳು. ಜನವಸತಿ ಇರುವುದು ಸುಮಾರು 190ರಲ್ಲಿ. 2022ರ ಜನಗಣತಿಯಂತೆ ಜನಸಂಖ್ಯೆ 5.15 ಲಕ್ಷ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5.54 ಲಕ್ಷ ಇತ್ತು. ಆದರೆ ಕೊಡಗಿಗೆ 4,102 ಚದರ ಕಿಲೋಮೀಟರ್ ನೆಲ ಇದೆ. ಮಾಲ್ಡೀವ್ಸ್‌ಗೆ ಇರುವುದು ಸುಮಾರು 300. ಅದೂ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರ್‌ಗೂ ಉದ್ದದ ಸಮುದ್ರದಲ್ಲಿ ಚೂರುಚೂರಾಗಿ ಹರಡಿಕೊಂಡಿದೆ.

1972ರ ಅಕ್ಟೋಬರ್‌ನಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. 30 ಕೋಣೆ, 60 ಜನಕ್ಕೆ ಜಾಗ. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ಆ ವರ್ಷ ಬಂದ ಪ್ರವಾಸಿಗರು ಸುಮಾರು ಸಾವಿರ ಮಂದಿ. 1979ರಲ್ಲಿ ಪ್ರವಾಸೋದ್ಯಮ ಕಾನೂನು ಬಂತು, 1983ರಲ್ಲಿ ಮೊದಲ ಮಾಸ್ಟರ್ ಪ್ಲಾನ್. "ಒಂದು ದ್ವೀಪ, ಒಂದು ರೆಸಾರ್ಟ್" ಎಂಬ ಸೂತ್ರ ಗಟ್ಟಿಯಾದದ್ದು ಈ ಅವಧಿಯಲ್ಲೇ.

ಸೂತ್ರ ಸರಳ. ಜನ ವಾಸವಿಲ್ಲದ ದ್ವೀಪವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ಹಿಡಿದವನು ಅಲ್ಲಿ ಒಂದೇ ರೆಸಾರ್ಟ್ ಕಟ್ಟಬೇಕು. ನೆಲದ ಇಂತಿಷ್ಟು ಭಾಗಕ್ಕಿಂತ ಹೆಚ್ಚು ಕಟ್ಟುವಂತಿಲ್ಲ, ಕಟ್ಟಡ ತೆಂಗಿನ ಮರದ ತುದಿ ದಾಟುವಂತಿಲ್ಲ. ಕರೆಂಟು, ನೀರು, ಚರಂಡಿ, ಕಸ ಎಲ್ಲವೂ ಅವನದೇ ಹೊಣೆ. ಸರ್ಕಾರದ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಇದು ನಿಜಕ್ಕೂ ಜಾಣ ಉಪಾಯ. ರಸ್ತೆ, ಪೈಪು ಹಾಕುವ ಖರ್ಚೆಲ್ಲ ಹೂಡಿಕೆದಾರನ ತಲೆಗೆ ಹೋಯಿತು. ಇಸ್ಲಾಂ ಧರ್ಮದ ಸಂಪ್ರದಾಯಸ್ಥ ಸಮಾಜಕ್ಕೂ ಬಿಕಿನಿ, ಬಿಯರ್‌ಗಳಿಗೂ ಮುಖಾಮುಖಿ ಆಗಲಿಲ್ಲ.

ಆದರೆ ಬೆಲೆಯನ್ನು ಯಾರೋ ಕೊಡಲೇಬೇಕಲ್ಲ. ರೆಸಾರ್ಟ್ ಬೇರೆ ದ್ವೀಪದಲ್ಲಿದೆ ಎಂದರೆ ನೌಕರ ಅಲ್ಲೇ ಉಳಿಯಬೇಕು, ಊರಿಗೆ ಬರುವುದು ರಜೆಯಲ್ಲಿ. ಮನೆ, ಮಕ್ಕಳು ಇರುವ ಹೆಂಗಸರಿಗೆ ಇದು ಆಗದ ಮಾತು. ಮದುವೆಯಾಗದ ಹುಡುಗಿಯರನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಹಾಗಾಗಿ ದೇಶದ ಅತಿ ದೊಡ್ಡ ಉದ್ಯಮದಲ್ಲಿ ಆ ದೇಶದ ಹೆಂಗಸರು ಬೆರಳೆಣಿಕೆಯಷ್ಟು. ಖಾಲಿ ಜಾಗವನ್ನು ವಿದೇಶಿ ಕೆಲಸಗಾರರು ತುಂಬಿದರು. ಹಾಗೆ ತುಂಬಿದಷ್ಟೂ ಸೋರಿಕೆ ಹೆಚ್ಚಿತು. ನಕ್ಷೆಯ ಮೇಲೆ ಎಳೆದ ಒಂದು ಗೆರೆ ಎರಡು ತಲೆಮಾರಿನ ಹೆಂಗಸರ ಕೆಲಸವನ್ನು ತೀರ್ಮಾನಿಸಿತು. ಯೋಜನೆ ಅಂದರೆ ಬರೀ ಕಟ್ಟಡ ಎಲ್ಲಿ ಬರಬೇಕು ಅನ್ನುವುದು ಎಂದುಕೊಂಡವರಿಗೆ ನಾನು ಕೊಡುವ ಉದಾಹರಣೆ ಇದೇ.

2009–10ರ ಸುಮಾರಿಗೆ ಸರ್ಕಾರ ಗೆರೆ ಸಡಿಲಿಸಿತು. ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಬಹುದು ಎಂದಿತು. ಮಾಫುಶಿ ದ್ವೀಪ ಇದರಲ್ಲಿ ಮುಂದೆ ನಿಂತಿತು. ಅದುವರೆಗೆ ಅದು ಹೆಸರಾಗಿದ್ದದ್ದು ಜೈಲಿಗೆ. ಈಗ ಬೆಂಗಳೂರಿನಿಂದ ಕಡಿಮೆ ಬಜೆಟ್‌ನಲ್ಲಿ ಮಾಲ್ಡೀವ್ಸ್‌ಗೆ ಹೋಗಿಬಂದೆವು ಎನ್ನುವವರಲ್ಲಿ ಬಹಳಷ್ಟು ಜನ ಉಳಿದದ್ದು ಇಂಥ ದ್ವೀಪಗಳಲ್ಲೇ. ಊರಿನ ಒಂದು ತುದಿಯಲ್ಲಿ ಬೇಲಿ ಹಾಕಿ ಪ್ರವಾಸಿಗರಿಗೆಂದೇ "ಬಿಕಿನಿ ಬೀಚ್" ಮಾಡುತ್ತಾರೆ. ದ್ವೀಪದ ಮೇಲೆ ಮದ್ಯ ಇಲ್ಲ, ಹಾಗಾಗಿ ಬಾರ್ ಒಂದು ದೋಣಿಯಾಗಿ ಸಮುದ್ರದಲ್ಲಿ ತೇಲುತ್ತಿರುತ್ತದೆ. ಮನೆಯ ಹೆಂಗಸರು ಮನೆಯಲ್ಲೇ ಇದ್ದು ಗೆಸ್ಟ್‌ಹೌಸ್ ನೋಡಿಕೊಳ್ಳಬಹುದು. ಹಣ ಊರಿನಲ್ಲೇ ಒಂದೆರಡು ಸುತ್ತು ತಿರುಗುತ್ತದೆ. ಜೊತೆಗೆ ಕಸ, ಕೊಳಚೆ, ನೆಲದ ಬೆಲೆಯೂ ಊರಿಗೇ ಬಂದವು. ಮೊದಲು ಇವೆಲ್ಲ ರೆಸಾರ್ಟ್ ಮಾಲೀಕನ ತಲೆನೋವಾಗಿತ್ತು.

ಸಂಶೋಧಕರು ಇದನ್ನೆಲ್ಲ ಹೇಗೆ ಅಳೆಯುತ್ತಾರೆ? ಸುಮ್ನೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 2024ರಲ್ಲಿ ಮಾಲ್ಡೀವ್ಸ್‌ಗೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಒಬ್ಬೊಬ್ಬರು ಸರಾಸರಿ ಏಳೂವರೆ ದಿನ ಉಳಿದರು ಎಂದುಕೊಳ್ಳೋಣ. ಎರಡನ್ನೂ ಗುಣಿಸಿದರೆ ಒಂದೂವರೆ ಕೋಟಿ ದಿನ. 365ರಿಂದ ಭಾಗಿಸಿ. ಯಾವುದೇ ಒಂದು ದಿನ ದೇಶದಲ್ಲಿ ಸುಮಾರು 41,000 ಪ್ರವಾಸಿಗರು ಇರುತ್ತಾರೆ ಎಂದಾಯಿತು. 5.15 ಲಕ್ಷ ಜನಸಂಖ್ಯೆಗೆ ಹೋಲಿಸಿದರೆ ಸಾವಿರ ಜನಕ್ಕೆ 80. ಭಾರತಕ್ಕೆ ಬರುವ ವಿದೇಶಿ ಪ್ರವಾಸಿಗರಿಗೆ ಇದೇ ಲೆಕ್ಕ ಹಾಕಿದರೆ ಸಾವಿರಕ್ಕೆ ಒಬ್ಬರೂ ಸಿಗುವುದಿಲ್ಲ.

ಈ ಸಾಂದ್ರತೆ, ಜೊತೆಗೆ ತಲಾ ಒಬ್ಬ ನಿವಾಸಿಗೆ ಪ್ರವಾಸಿ ಮಾಡುವ ಖರ್ಚು, ಮತ್ತೆ ಒಂದು ಚದರ ಕಿಲೋಮೀಟರ್‌ಗೆ ಎಷ್ಟು ಹೋಟೆಲ್ ಕೋಣೆ. ಈ ಮೂರನ್ನೂ ಸೇರಿಸಿ ಜೆರೋಮ್ ಮ್ಯಾಕೆಲ್ರಾಯ್ ಮತ್ತು ಕ್ಲಾಸ್ ಡಿ ಆಲ್ಬುಕರ್ಕ್ 1998ರಲ್ಲಿ ಒಂದು ಸೂಚ್ಯಂಕ ಕಟ್ಟಿದರು. ಪ್ರವಾಸೋದ್ಯಮ ದ್ವೀಪದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಅದು ಹೇಳುತ್ತದೆ. ಅವರು ಅಳೆದದ್ದು ಕೆರಿಬಿಯನ್‌ನ 20 ಪುಟ್ಟ ದ್ವೀಪಗಳನ್ನು. ಬರೀ ಆಗಮನದ ಸಂಖ್ಯೆ ನೋಡಿದರೆ ಕಾಣದ ಒತ್ತಡ ಇದರಲ್ಲಿ ಕಾಣುತ್ತದೆ.

ಆದರೆ ಸೂಚ್ಯಂಕಗಳನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸಾವಿರಕ್ಕೆ 80 ಎಂಬುದು ಇಡೀ ದೇಶದ ಸರಾಸರಿ. ದೂರದ ಒಂದು ಹವಳದ್ವೀಪದಲ್ಲಿ ಮೀನು ಹಿಡಿದು ಬದುಕುವವನಿಗೆ ತಿಂಗಳಿಗೊಬ್ಬ ಪ್ರವಾಸಿಯೂ ಕಣ್ಣಿಗೆ ಬೀಳದಿರಬಹುದು. ಮಾಫುಶಿಯಲ್ಲಿ ಊರವರಿಗಿಂತ ಪ್ರವಾಸಿಗರೇ ಹೆಚ್ಚಿರುವ ದಿನಗಳೂ ಇರಬಹುದು. ಎರಡಕ್ಕೂ ಒಂದೇ ಸಂಖ್ಯೆ.

ಈ ವಿಷಯ ಓದುವವರು ಮೊದಲ ಸೆಮಿಸ್ಟರ್‌ನಲ್ಲೇ ಇನ್ನೆರಡು ಮಾದರಿ ಕಲಿಯುತ್ತಾರೆ. ಒಂದು, ಡಾಕ್ಸಿ ಎಂಬ ಸಂಶೋಧಕರು 1975ರಲ್ಲಿ ಮಂಡಿಸಿದ ಕಿರಿಕಿರಿ ಮಾಪಕ. ಸ್ಥಳೀಯರ ಮನಸ್ಸು ಮೊದಲು ಖುಷಿ, ಆಮೇಲೆ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ಹಗೆ ಎಂದು ಮೆಟ್ಟಿಲಿಳಿಯುತ್ತದೆ ಎನ್ನುತ್ತದೆ ಅದು. ಅವರು ಇದನ್ನು ಕಂಡುಕೊಂಡ ಎರಡು ಜಾಗಗಳಲ್ಲಿ ಒಂದು ಬಾರ್ಬಡೋಸ್. ಇನ್ನೊಂದು, ರಿಚರ್ಡ್ ಬಟ್ಲರ್ 1980ರಲ್ಲಿ ಬರೆದ ಜೀವನಚಕ್ರ. ಯಾರೋ ಕೆಲವರು ಒಂದು ಜಾಗ ಹುಡುಕಿಕೊಂಡು ಬರುತ್ತಾರೆ, ಊರವರು ಕೋಣೆ ಕೊಡುತ್ತಾರೆ, ದೊಡ್ಡ ಹೋಟೆಲು ಬರುತ್ತದೆ, ತುಂಬಿ ತುಳುಕುತ್ತದೆ, ಆಮೇಲೆ ಹಳಸುತ್ತದೆ ಅಥವಾ ಹೊಸ ರೂಪ ತಾಳುತ್ತದೆ. ಎರಡೂ ಕೇಳಲು ಚೆಂದ, ಪರೀಕ್ಷೆಯಲ್ಲಿ ಬರೆಯಲು ಸುಲಭ. ಮಾಲ್ಡೀವ್ಸ್ ಮಾತ್ರ ಬಟ್ಲರ್ ಹೇಳಿದ ಕ್ರಮವನ್ನು ತಿರುಗಿಸಿಬಿಟ್ಟಿತು. ಇಲ್ಲಿ ದೊಡ್ಡ ರೆಸಾರ್ಟ್‌ಗಳು ಬೇರೂರಿ ದಶಕಗಳಾದ ಮೇಲೆ ಊರವರ ಗೆಸ್ಟ್‌ಹೌಸ್ ತಲೆಯೆತ್ತಿದವು.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಹೆಚ್ಚು ದುರ್ಬಳಕೆಯೂ ಆಗುವ ಪದ ಧಾರಣಾ ಸಾಮರ್ಥ್ಯ. ಒಂದು ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂಬ ಪ್ರಶ್ನೆ. ಮಂತ್ರಿಗಳಿಗೆ ಒಂದು ಸಂಖ್ಯೆ ಬೇಕು. ಪ್ರೊಫೆಸರ್ "ಅದು ಅವಲಂಬಿಸುತ್ತದೆ" ಎಂದು ಶುರುಮಾಡುತ್ತಾರೆ. ಅಲ್ಲಿಗೆ ಸಭೆ ಅರ್ಧ ಮುಗಿದ ಹಾಗೆ.

ಯಾಕೆ ಅವಲಂಬಿಸುತ್ತದೆ ಅನ್ನುವುದಕ್ಕೆ ಹನಿಫಾರು ಕೊಲ್ಲಿಯನ್ನು ಹತ್ತಿರದಿಂದ ನೋಡಬೇಕು. ಇದು ಮಾಲ್ಡೀವ್ಸ್‌ನ ಬಾ ಎಂಬ ಹವಳವೃತ್ತದಲ್ಲಿ, ಅಂದರೆ ಉಂಗುರದ ಹಾಗೆ ಹರಡಿದ ಹವಳದ್ವೀಪಗಳ ಗುಂಪಿನಲ್ಲಿ (ಅಟಾಲ್), ಇರುವ ಒಂದು ಸಣ್ಣ ಕೊಲ್ಲಿ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಸಮುದ್ರದ ಸೆಳೆತ ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಈ ಕೊಲ್ಲಿಯೊಳಗೆ ತಳ್ಳುತ್ತದೆ. ಒಳಗೆ ಹೊಕ್ಕ ಪ್ಲವಕಕ್ಕೆ ಹೊರಹೋಗುವ ದಾರಿ ಸುಲಭವಿಲ್ಲ. ಅದನ್ನು ತಿನ್ನಲು ಮಾಂಟಾ ತೊರಕೆ ಮೀನುಗಳು ಗುಂಪುಗುಂಪಾಗಿ ಬರುತ್ತವೆ. ಕೆಲವೊಮ್ಮೆ ನೂರಕ್ಕೂ ಹೆಚ್ಚು. ಒಂದರ ಹಿಂದೊಂದು ಸಾಲುಗಟ್ಟಿ, ಬಾಯಿ ತೆರೆದು, ಸುತ್ತು ಹಾಕುತ್ತಾ ತಿನ್ನುತ್ತವೆ. ಸುದ್ದಿ ಹಬ್ಬಿದ ಮೇಲೆ ದೋಣಿಗಳೂ ಗುಂಪುಗುಂಪಾಗಿ ಬಂದವು.

2009ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. 2011ರಲ್ಲಿ ಇಡೀ ಬಾ ಹವಳವೃತ್ತ ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶವಾಯಿತು. ಆಮೇಲೆ ಬಂದ ನಿಯಮಗಳನ್ನು ನೋಡಿ. ಒಮ್ಮೆಗೆ ಐದೇ ದೋಣಿ. ನೀರಿನಲ್ಲಿ 80 ಜನಕ್ಕಿಂತ ಹೆಚ್ಚು ಇರಬಾರದು. ಒಬ್ಬರಿಗೆ 45 ನಿಮಿಷ. ಆಮ್ಲಜನಕದ ಸಿಲಿಂಡರ್ ಎಂದು ನಾವು ತಪ್ಪಾಗಿ ಕರೆಯುವ ಗಾಳಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವಂತಿಲ್ಲ, ಸ್ನಾರ್ಕೆಲ್ ಮಾತ್ರ. ಜೊತೆಗೆ ಪ್ರವೇಶ ಶುಲ್ಕ, ಪರವಾನಗಿ ಪಡೆದ ಗೈಡ್.

ಇಲ್ಲಿ 80 ಎಂಬುದು ಸಮುದ್ರ ಬರೆದುಕೊಟ್ಟ ಸಂಖ್ಯೆಯಲ್ಲ. ಸಿಲಿಂಡರ್‌ನ ಗುಳ್ಳೆ ಬಿಡುವ 30 ಜನ, ಸುಮ್ಮನೆ ಮೇಲೆ ತೇಲುವ 80 ಜನಕ್ಕಿಂತ ಮೀನಿಗೆ ಹೆಚ್ಚು ತೊಂದರೆ ಕೊಡಬಹುದು. ಗೈಡ್ ಬಿಗಿಯಾಗಿದ್ದರೆ 80 ಸರಿಹೋಗಬಹುದು. ಮೀನಿನ ಹತ್ತಿರ ಫೋಟೊಗೆ ಮುಗಿಬೀಳುವ ಜನರಾದರೆ 20 ಕೂಡ ಜಾಸ್ತಿಯೇ. ಹಾಗಾಗಿ 1980ರ ದಶಕದ ನಂತರ ಅನೇಕ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಜನ ಬರಬಹುದು ಎಂದು ಕೇಳುವ ಬದಲು, ಯಾವ ಬದಲಾವಣೆಯನ್ನು ನಾವು ಒಪ್ಪುತ್ತೇವೆ, ಯಾವುದನ್ನು ಒಪ್ಪುವುದಿಲ್ಲ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಅದನ್ನು ಅಳೆಯುತ್ತಾ ಹೋಗಿ ಎಂದರು. ಆ ತೀರ್ಮಾನ ಮಾಡಬೇಕಾದವರು ಯಾರು? ಜೀವಶಾಸ್ತ್ರಜ್ಞರೇ, ರೆಸಾರ್ಟ್‌ನವರೇ, ಪಕ್ಕದ ಧರವಂದೂ ದ್ವೀಪದಲ್ಲಿ ಗೆಸ್ಟ್‌ಹೌಸ್ ಇಟ್ಟುಕೊಂಡವರೇ? ಅಲ್ಲಿಗೆ ವಿಜ್ಞಾನ ಮುಗಿದು ಪಂಚಾಯಿತಿ ಶುರುವಾಗುತ್ತದೆ. ಈ ವೃತ್ತಿಯ ಅರ್ಧ ಕೆಲಸ ಆ ಪಂಚಾಯಿತಿಯಲ್ಲಿ ಕೂರುವುದು.

ಕೆಲವು ಮಿತಿಗಳು ಮಾತ್ರ ಚರ್ಚೆಗೆ ಕಾಯುವುದಿಲ್ಲ. 2014ರ ಡಿಸೆಂಬರ್‌ನಲ್ಲಿ ರಾಜಧಾನಿ ಮಾಲೆಯ ಉಪ್ಪುನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ನಿಂತಿತು. ಭಾರತ ವಿಮಾನದಲ್ಲಿ ನೀರಿನ ಬಾಟಲಿ ಕಳಿಸಿತು, ಐಎನ್‌ಎಸ್ ಸುಕನ್ಯಾ ಹಡಗನ್ನೂ ಕಳಿಸಿತು. ಮಾಲೆಯ ಪಶ್ಚಿಮಕ್ಕೆ ತಿಲಫುಶಿ ಎಂಬ ದ್ವೀಪ ಇದೆ. 1990ರ ದಶಕದ ಆರಂಭದಿಂದ ಕಸ ಸುರಿದು ಸುರಿದೇ ಬೆಳೆದ ನೆಲ ಅದು.

ತೆರಿಗೆಯಲ್ಲೂ ಒಂದು ಪಾಠ ಇದೆ, ಇದು ನನಗೆ ಬಹಳ ಇಷ್ಟವಾದದ್ದು. ಬಹಳ ವರ್ಷ ಮಾಲ್ಡೀವ್ಸ್ ಒಂದು ಹಾಸಿಗೆಗೆ ಒಂದು ರಾತ್ರಿಗೆ 8 ಡಾಲರ್ ತೆರಿಗೆ ಹಾಕುತ್ತಿತ್ತು. ಕೋಣೆಯ ಬಾಡಿಗೆ 100 ಡಾಲರ್ ಆದರೂ 8, ಸಾವಿರ ಡಾಲರ್ ಆದರೂ 8. ಅಂದರೆ ರೆಸಾರ್ಟ್ ದುಬಾರಿಯಾದಷ್ಟೂ ಸರ್ಕಾರದ ಪಾಲು ಚಿಕ್ಕದಾಗುತ್ತಾ ಹೋಯಿತು. 2011ರಲ್ಲಿ ಬಿಲ್ಲಿನ ಮೇಲೆ 3.5 ಪ್ರತಿಶತ ತೆರಿಗೆ ಶುರುವಾಯಿತು. ಅದು ಏರುತ್ತಾ 2023ರಲ್ಲಿ 16, 2025ರ ಜುಲೈನಲ್ಲಿ 17 ಪ್ರತಿಶತವಾಯಿತು. 2015ರಲ್ಲಿ ಬಂದ ಹಸಿರು ತೆರಿಗೆ ರೆಸಾರ್ಟ್‌ನಲ್ಲಿ ತಲೆಗೆ, ರಾತ್ರಿಗೆ 6 ಡಾಲರ್ ಇದ್ದದ್ದು 2025ರಲ್ಲಿ 12 ಆಯಿತು. ಹೊಸದಾಗಿ ಒಬ್ಬ ಪ್ರವಾಸಿಯನ್ನೂ ಕರೆಸದೆ ಉಳಿಕೆ ಹೆಚ್ಚಿಸುವ ದಾರಿ ಇದು. ಜಾಹೀರಾತಿಗೆ ಸುರಿಯುವ ದುಡ್ಡಿನ ಬಗ್ಗೆ ಆಗುವಷ್ಟು ಚರ್ಚೆ ಇದರ ಬಗ್ಗೆ ಎಲ್ಲ ದ್ವೀಪಗಳಲ್ಲೂ ಆಗಬೇಕಿತ್ತು.

ಎಲ್ಲರೂ ಮಾಲ್ಡೀವ್ಸ್ ದಾರಿಯನ್ನೇ ಹಿಡಿದಿಲ್ಲ. ಪೆಸಿಫಿಕ್‌ನ ಸಮೋವಾದಲ್ಲಿ ಸುಮಾರು 80 ಪ್ರತಿಶತ ನೆಲ ಕುಟುಂಬ ಪರಂಪರೆಯದು, ಮಾರುವಂತಿಲ್ಲ. ಹಾಗಾಗಿ ಹೊರಗಿನ ಹೋಟೆಲ್ ಕಂಪನಿಗಳಿಗೆ ಕಾಲಿಡುವುದು ಕಷ್ಟ. ಕಡಲಂಚಿನಲ್ಲಿ ಮರದ ಕಂಬ, ಗರಿಯ ಮಾಡು, ಗೋಡೆಯ ಬದಲು ಚಾಪೆಯ ಪರದೆ ಇರುವ "ಫಾಲೆ"ಗಳನ್ನು ಕುಟುಂಬಗಳೇ ನಡೆಸುತ್ತವೆ. ಗಳಿಕೆ ಕಡಿಮೆ, ಉಳಿಕೆ ಜಾಸ್ತಿ. 2009ರ ಸುನಾಮಿಯಲ್ಲಿ ಉಪೋಲು ದ್ವೀಪದ ದಕ್ಷಿಣ ತೀರದ ಇಂಥ ಬಹಳಷ್ಟು ಗುಡಿಸಲುಗಳು ಕೊಚ್ಚಿಹೋದವು.

ಪೆಸಿಫಿಕ್‌ನ ಇನ್ನೊಂದು ದ್ವೀಪ ದೇಶ ಪಲಾವ್‌ನದು ಬೇರೆಯೇ ಕಥೆ. ಸುಮಾರು 18,000 ಜನರ ದೇಶಕ್ಕೆ 2015ರಲ್ಲಿ 1.6 ಲಕ್ಷ ಪ್ರವಾಸಿಗರು ಬಂದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದವರು. 2017ರ ಕೊನೆಯಲ್ಲಿ ದೇಶ ಒಂದು ಹೊಸ ಪದ್ಧತಿ ತಂದಿತು. ಪಾಸ್‌ಪೋರ್ಟ್ ಮೇಲೆಯೇ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ. ಪಲಾವ್‌ನ ಮಕ್ಕಳನ್ನು ಉದ್ದೇಶಿಸಿ ಬರೆದ ಪ್ರತಿಜ್ಞೆ ಅದು. ಪ್ರವಾಸಿ ಸಹಿ ಹಾಕಿಯೇ ಒಳಗೆ ಬರಬೇಕು. ಪ್ರತಿಜ್ಞೆಯಿಂದ ಹವಳ ಉಳಿಯುತ್ತದೆಯೇ ಎಂದರೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. 2018ರಿಂದ ಟಿಕೆಟ್‌ನಲ್ಲೇ ಸೇರಿಸಿ ವಸೂಲಿ ಮಾಡುವ 100 ಡಾಲರ್ ಪರಿಸರ ಶುಲ್ಕದ ಮೇಲೆ ನಂಬಿಕೆ ಇದೆ.

ಇಂಥದ್ದನ್ನೆಲ್ಲ ಓದಿ ಯಾರಾದರೂ ಹೊಟ್ಟೆಪಾಡು ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು, ಆದರೆ ಹುದ್ದೆಗಳು ಕಡಿಮೆ. ದ್ವೀಪಗಳಲ್ಲೇ ಬೆಳೆದ ವಿಶ್ವವಿದ್ಯಾಲಯಗಳು ಕೆಲವು ಇವೆ. 1948ರಲ್ಲಿ ಜಮೈಕಾದಲ್ಲಿ ಶುರುವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ, 1968ರಲ್ಲಿ ಶುರುವಾಗಿ ಈಗ 12 ದೇಶಗಳು ಸೇರಿ ನಡೆಸುವ, ಫಿಜಿಯ ಸುವಾದಲ್ಲಿ ಮುಖ್ಯ ಕ್ಯಾಂಪಸ್ ಇರುವ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯ, ಸಣ್ಣ ದೇಶಗಳ ಬಗ್ಗೆಯೇ ಸಂಸ್ಥೆ ಇಟ್ಟುಕೊಂಡಿರುವ ಮಾಲ್ಟಾ ವಿಶ್ವವಿದ್ಯಾಲಯ, ಮಾರಿಷಸ್, ಸೇಶೆಲ್ಸ್, ಮಾಲ್ಡೀವ್ಸ್ ರಾಷ್ಟ್ರೀಯ ವಿಶ್ವವಿದ್ಯಾಲಯ. ಉಳಿದವರು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದಲ್ಲಿ ಕೂತು ದ್ವೀಪಗಳಿಗೆ ಹೋಗಿಬಂದು ಬರೆಯುತ್ತಾರೆ. ಭೂಗೋಳ, ಅರ್ಥಶಾಸ್ತ್ರ, ನಗರ ಯೋಜನೆ, ಮಾನವಶಾಸ್ತ್ರ, ಯಾವ ಬಾಗಿಲಿನಿಂದಲಾದರೂ ಒಳಗೆ ಬರಬಹುದು. ಟೂರಿಸಂ ಡಿಗ್ರಿಯೇ ಬೇಕೆಂದಿಲ್ಲ. ನನ್ನ ಮಾತು ಕೇಳುವುದಾದರೆ, ಟೂರಿಸಂ ಓದಿದವರು ಅಂಕಿಸಂಖ್ಯೆಯನ್ನೂ ನಕ್ಷೆ ಮಾಡುವುದನ್ನೂ ಬೇರೆಯಾಗಿ ಕಲಿತುಕೊಳ್ಳುವುದು ಒಳ್ಳೆಯದು. ಬಹಳ ಕಡೆ ಆ ವಿಭಾಗಗಳು ಹೋಟೆಲ್ ನಡೆಸುವುದನ್ನು ಕಲಿಸುತ್ತವೆ, ಹೋಟೆಲ್ ಬೇಕೇ ಬೇಡವೇ ಎಂದು ಕೇಳುವುದನ್ನು ಕಲಿಸುವುದಿಲ್ಲ.

ಕೆಲಸ ಹೇಗಿರುತ್ತದೆ? ವಿಮಾನ ನಿಲ್ದಾಣದ ನಿರ್ಗಮನ ಕೋಣೆಯಲ್ಲಿ ಪ್ರಶ್ನಾವಳಿ ಹಿಡಿದು ನಿಲ್ಲಬೇಕು. ವಾಪಸ್ ಹೋಗುವ ಪ್ರವಾಸಿಗೆ ಎಷ್ಟು ಖರ್ಚಾಯಿತು ಎಂದು ಕೇಳಬೇಕು. ಅವರಿಗೂ ನೆನಪಿರುವುದಿಲ್ಲ, ಗಂಡ ಒಂದು ಹೇಳಿದರೆ ಹೆಂಡತಿ ಒಂದು ಹೇಳುತ್ತಾಳೆ. ಕಸ್ಟಮ್ಸ್‌ನ ಆಮದು ಪಟ್ಟಿಯಲ್ಲಿ ಯಾವ ಬೆಣ್ಣೆ ರೆಸಾರ್ಟ್‌ಗೆ, ಯಾವುದು ಊರಿನ ಅಂಗಡಿಗೆ ಎಂದು ಬೇರೆ ಮಾಡಬೇಕು. ಪ್ರವಾಸೋದ್ಯಮ ಎಂಬ ಒಂದೇ ಉದ್ಯಮ ರಾಷ್ಟ್ರೀಯ ಲೆಕ್ಕದಲ್ಲಿ ಇರುವುದಿಲ್ಲ. ಹೋಟೆಲ್, ಸಾರಿಗೆ, ಅಂಗಡಿ ಎಲ್ಲದರಲ್ಲೂ ಹಂಚಿಹೋಗಿರುತ್ತದೆ. ಅದನ್ನು ಹೆಕ್ಕಿ ಒಂದು ಕಡೆ ಕೂಡಿಸಲು ಟೂರಿಸಂ ಸ್ಯಾಟಲೈಟ್ ಅಕೌಂಟ್ ಎಂಬ ಪದ್ಧತಿ ಇದೆ. ಅದನ್ನು ಸರಿಯಾಗಿ ತುಂಬಲು ಬೇಕಾದ ಸಿಬ್ಬಂದಿ ಪುಟ್ಟ ದೇಶದ ಅಂಕಿಅಂಶ ಇಲಾಖೆಯಲ್ಲಿ ಸಿಗುವುದೇ ಕಷ್ಟ.

ಇನ್ನೊಂದು ತೊಡಕು ಬೇರೆ ಕಡೆ ಅಷ್ಟು ಬರುವುದಿಲ್ಲ. ಪುಟ್ಟ ದೇಶದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸಂದರ್ಶನ ಕೊಟ್ಟವರ ಹೆಸರು ಬದಲಿಸಿ "ಇಂಥ ದ್ವೀಪದ ಗೆಸ್ಟ್‌ಹೌಸ್ ನಡೆಸುವ ಮಹಿಳೆ" ಎಂದು ಬರೆದರೂ ಸಾಕು, ಊರಿಗೆ ಊರೇ ಗುರುತು ಹಿಡಿಯುತ್ತದೆ. ಆಕೆ ಮಂತ್ರಿಯ ಅಣ್ಣನ ಬಗ್ಗೆ ಏನಾದರೂ ಹೇಳಿದ್ದರೆ ಮುಗೀತು. ಸಂಶೋಧಕನೂ ಅಲ್ಲಿಯವನೇ ಆಗಿದ್ದರೆ ಇವತ್ತು ಟೀಕಿಸಿದ ಇಲಾಖೆಯೇ ನಾಳೆ ಅವನಿಗೆ ಸಲಹೆಗಾರನ ಕೆಲಸ ಕೊಡಬೇಕು. ಸಂಬಳ ಸಾಲದೆ ಅನೇಕರು ಆ ಕೆಲಸ ಹಿಡಿಯುತ್ತಾರೆ. ಹಾಗೆ ಬರೆದ ವರದಿ ಸಾಮಾನ್ಯವಾಗಿ ಕೊಟ್ಟವರ ಸ್ವತ್ತು. ಅದು ಕಪಾಟಿನಲ್ಲಿ ಉಳಿಯುತ್ತದೆ, ಬಡ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಬಡ್ತಿಗೆ ಬೇಕಾದ ಜರ್ನಲ್‌ಗಳು "ಇಷ್ಟು ಚಿಕ್ಕ ಜಾಗದಿಂದ ಉಳಿದ ಜಗತ್ತಿಗೆ ಏನು ತಿಳಿಯುತ್ತದೆ?" ಎಂದು ಕೇಳುತ್ತವೆ. ಹೊರಗಿನಿಂದ ಬಂದು, ಮಾಹಿತಿ ಎತ್ತಿಕೊಂಡು ಹೋಗುವವರ ಮೇಲೆ ದ್ವೀಪದವರಿಗೆ ಸಿಟ್ಟಿರುವುದು ಸಹಜ. ಪೆಸಿಫಿಕ್‌ನ ವನುವಾಟು 1985ರಿಂದ 1994ರವರೆಗೆ ವಿದೇಶಿ ಮಾನವಶಾಸ್ತ್ರ ಸಂಶೋಧಕರನ್ನು ಬಾಗಿಲಲ್ಲೇ ತಡೆದಿತ್ತು. ಈಗಲೂ ಅಲ್ಲಿಯ ಸಾಂಸ್ಕೃತಿಕ ಕೇಂದ್ರದ ಅನುಮತಿ ಬೇಕು.

ಕನ್ನಡದ ಹುಡುಗರು, ಹುಡುಗಿಯರು ಇದನ್ನು ಓದಲು ಪೆಸಿಫಿಕ್‌ಗೇ ಹೋಗಬೇಕಿಲ್ಲ. 2024ರ ಜನವರಿಯಲ್ಲಿ ಮಾಲ್ಡೀವ್ಸ್ ಬಹಿಷ್ಕಾರದ ಗಲಾಟೆ ಎದ್ದಾಗ ಎಲ್ಲರ ಬಾಯಲ್ಲಿ ಬಂದದ್ದು ಲಕ್ಷದ್ವೀಪ. ಅದು ದೇಶವಲ್ಲ, ಕೇಂದ್ರಾಡಳಿತ ಪ್ರದೇಶ. ಆದರೆ ಸಮುದ್ರವೂ ಹವಳವೂ ಕುಡಿಯುವ ನೀರಿನ ತಾಪತ್ರಯವೂ ಅದೇ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್, 2011ರಲ್ಲಿ ಜನ 64,473, ವಾಸವಿರುವ ದ್ವೀಪ ಹತ್ತು. ಮಿನಿಕಾಯ್‌ನವರು ಆಡುವ ಮಹಲ್ ಭಾಷೆ ಮಾಲ್ಡೀವ್ಸ್‌ನ ದಿವೇಹಿಯೇ. ಮೇಲೆ ಹಾಕಿದ ಸಾಂದ್ರತೆಯ ಲೆಕ್ಕವನ್ನು ಯಾವುದಾದರೂ ಹೊಸ ರೆಸಾರ್ಟ್ ಯೋಜನೆಯ ಹಾಸಿಗೆ ಸಂಖ್ಯೆ ಇಟ್ಟುಕೊಂಡು ಇಲ್ಲಿಗೆ ಹಾಕಿ ನೋಡಿ, ವಿಷಯ ಎಷ್ಟು ನಾಜೂಕು ಅಂತ ತಿಳಿಯುತ್ತದೆ. ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಯನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯ ಮುಖ್ಯಸ್ಥರು, ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಆ ಯೋಜನೆಯನ್ನು ಓದುವುದರಿಂದಲೇ ಶುರುಮಾಡಬಹುದು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಇವತ್ತಿಗೂ ಸರಕು ಹೋಗುತ್ತದೆ. ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ. ಸೋರಿಕೆಯ ಲೆಕ್ಕಕ್ಕೆ ಬೇಕಾದ ಮೊದಲ ಪಟ್ಟಿ ಬಂದರಿನ ದಾಖಲೆಗಳಲ್ಲೇ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದ. ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರು ಮೊದಲು ಆ ಬಂದರಿನ ಧಕ್ಕೆಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ ಹೋಗಿ, ಯಾವ ದೋಣಿಗೆ ಏನು ತುಂಬುತ್ತಿದ್ದಾರೆ ಅಂತ ಬರೆದುಕೊಳ್ಳಲಿ. ಪ್ರಬಂಧದ ಮೊದಲ ಅಧ್ಯಾಯಕ್ಕೆ ಅಷ್ಟು ಸಾಕು.